ಎತ್ತಿನ ಜ್ವರ

ಶಾಗ್ಯದ ರುದ್ರಸ್ವಾಮಿಯ ಮಗ ಕಾಲು ಹಿಡಿದು ಬದುಕುವವನು ಎಂದು ಊರಿನವರು ಹೇಳಿ ನಗುತ್ತಿದ್ದರು. ರುದ್ರಸ್ವಾಮಿಯೂ ಜೊತೆಗೆ ನಗುತ್ತಿದ್ದ. ಮಗ ಶಿವಕುಮಾರಸ್ವಾಮಿ, ಮನೆಯವರ ಬಾಯಲ್ಲಿ ಕುಮಾರ, ಟಿವಿಯಲ್ಲಿ ಬರುವ ದೊಡ್ಡ ಕಬಡ್ಡಿ ಲೀಗಿನಲ್ಲಿ ಹೊರರಾಜ್ಯದ ತಂಡವೊಂದರ ಎಡಮೂಲೆಯ ಆಟಗಾರ. ರೈಡ್ ಬಂದವನ ಕಣಕಾಲಿಗೆ ಬಿದ್ದು ಹಿಡಿದು ಕೆಡವುವುದೇ ಅವನ ಕಸುಬು. ‘ನೀವೆಲ್ಲ ಕಾಲಿಡ್ಕಂಡು ಬೇಡ್ತೀರ, ನನ್ನ ಮಗ ಕಾಲಿಡ್ದು ಬೀಳುಸ್ತಾನೆ’ ಎಂದು ರುದ್ರಸ್ವಾಮಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ತಿರುಗೇಟು ಕೊಡದೆ ಬಿಡುತ್ತಿರಲಿಲ್ಲ. ಹೊಟ್ಟೆಕಿಚ್ಚಿನವರಿಗೆ ಅಷ್ಟಾದರೂ ಉತ್ತರ ಬೇಡವೇ?

ಕುಮಾರ ಎರಡು ಸೀಸನ್ ಆಡಿದ್ದ. ಮೂರನೆಯದಕ್ಕೆ ತಂಡದವರು ಇನ್ನೂ ಸಹಿ ಹಾಕಿರಲಿಲ್ಲ. ಈಗಿನ ಕಬಡ್ಡಿಯಲ್ಲಿ ಸಹಿ ಹಾಕಬೇಕೋ ಬೇಡವೋ ಎಂದು ಹೇಳುವುದು ಕೋಚ್ ಅಲ್ಲ, ಲ್ಯಾಪ್‌ಟಾಪು. ಯಾರು ಎಷ್ಟು ಸಲ ಹಿಡಿದರು, ಎಷ್ಟು ಸಲ ಕೈಜಾರಿತು, ಆಟದ ಯಾವ ಹೊತ್ತಿನಲ್ಲಿ ಕಾಲು ಸೋತಿತು, ಎಲ್ಲವನ್ನೂ ವಿಡಿಯೋ ನೋಡಿ ನೋಡಿ ಅದರೊಳಗೆ ತುಂಬಿಸುತ್ತಾರೆ. ಅದಕ್ಕೆಂದೇ ತಂಡದಲ್ಲಿ ಶೃತಿ ಎಂಬ ಹುಡುಗಿ ಇದ್ದಳು. ಅನಲಿಸ್ಟ್ ಮೇಡಂ. ಕೋಚ್ ಗದರಿದರೆ ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು, ಶೃತಿ ಹುಬ್ಬೇರಿಸಿದರೆ ಅವತ್ತು ಊಟ ಸೇರುತ್ತಿರಲಿಲ್ಲ.

ಆಟವಿಲ್ಲದ ತಿಂಗಳುಗಳಲ್ಲೂ ಬಿಡುಗಡೆ ಇರಲಿಲ್ಲ. ಮನೆಗೆ ಹೊರಟವರ ಮಣಿಕಟ್ಟಿಗೆ ಒಂದೊಂದು ಕಪ್ಪು ರಬ್ಬರಿನ ಪಟ್ಟಿ ಕಟ್ಟಿ ಕಳಿಸಿದ್ದರು. ಮುಖವಿಲ್ಲದ ಗಡಿಯಾರದಂಥದ್ದು. ಹಗಲು ಎಷ್ಟು ಓಡಿದ, ರಾತ್ರಿ ಎಷ್ಟು ಮಲಗಿದ, ಎದೆ ಹೇಗೆ ಬಡಿಯಿತು ಎಂಬುದನ್ನೆಲ್ಲ ಅದು ಒಳಗಿಟ್ಟುಕೊಂಡು, ಕುಮಾರನ ಫೋನಿನ ಹತ್ತಿರ ಬಂದಾಗ ಕಕ್ಕುತ್ತಿತ್ತು. ಫೋನಿನಿಂದ ಅದು ನೇರ ಶೃತಿಯ ಲ್ಯಾಪ್‌ಟಾಪಿಗೆ. ಮದುವೆಯಾದ ಗಂಡಸನ್ನು ಹೆಂಡತಿಯೂ ಇಷ್ಟು ಕಾಯುವುದಿಲ್ಲ.

ತಾಯಿ ದೊಡ್ಡಬಸಮ್ಮನಿಗೆ ಆ ಪಟ್ಟಿಯ ಮೇಲೆ ಭಯವೂ ಇತ್ತು, ಭಕ್ತಿಯೂ ಇತ್ತು. ಆಕೆಯ ಮನೆಯಲ್ಲಿ ಹೊಸದೇನು ಬಂದರೂ ಮೊದಲು ಬೆಟ್ಟದ ಮಾದಪ್ಪನ ಪಾದಕ್ಕೆ ಮುಟ್ಟಬೇಕು. ಟ್ರ್ಯಾಕ್ಟರಿನ ಕೀ ಮುಟ್ಟಿದೆ, ಬೋರ್‌ವೆಲ್ಲಿನ ಸ್ಟಾರ್ಟರ್ ಮುಟ್ಟಿದೆ, ಕುಮಾರನ ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ಟೂ ಮುಟ್ಟಿದೆ. ಆ ಸಲ ಅವನು ಫೇಲಾದ, ಅದು ಬೇರೆ ಮಾತು.

“ನಿನ್ ಅಣೆಬರವೆಲ್ಲ ಇದ್ರಲ್ಲೇ ಅದೆ ಅಂತೀಯ. ಒಂದ್ ದಿನಾನಾರ ಬೆಟ್ಟಕ್ಕೆ ತೋರಿಸ್ದೇನ್ಲಾ?” ಎಂದು ಆಕೆ ದಿನವೂ ಕೊರೆಯುತ್ತಿದ್ದಳು.

ಬೇರೆ ಹೊತ್ತಿನಲ್ಲಾದರೆ ಕುಮಾರ ಕೇಳುತ್ತಿರಲಿಲ್ಲ. ಆದರೆ ಆ ವಾರ ಯಳಂದೂರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇತ್ತು. ಊರಿನ ಹುಡುಗರು ಬಂದು ನೀನು ನಿಲ್ಲದಿದ್ದರೆ ಮಾನ ಹೋಗುತ್ತದೆ ಎಂದಿದ್ದರು. ಲೀಗಿನ ಆಟಗಾರರು ಹೊರಗೆಲ್ಲೂ ಆಡಕೂಡದು, ಆಡಿದರೆ ಮುಂದಿನ ಸಹಿಯ ಮಾತೇ ಇಲ್ಲ. ಪಟ್ಟಿ ಕಟ್ಟಿಕೊಂಡು ಆಡಿದರೆ ಶೃತಿಗೆ ಗೊತ್ತಾಗುತ್ತದೆ. ಬಿಚ್ಚಿಟ್ಟು ಆಡಿದರೆ ಬಿಚ್ಚಿಟ್ಟದ್ದೂ ಗೊತ್ತಾಗುತ್ತದೆ. ಅವನಿಗೆ ಅಪ್ಪನ ಮಣಿಕಟ್ಟು ಕಂಡಿತು.

ಅಷ್ಟು ಹೊತ್ತಿಗೆ ರುದ್ರಸ್ವಾಮಿ ಊರಿನವರ ಜೊತೆ ಬೆಟ್ಟಕ್ಕೆ ನಡೆದು ಹೋಗಲು ಚೀಲ ಕಟ್ಟುತ್ತಿದ್ದ. ಪ್ರತಿ ವರ್ಷದ ಪರಿಷೆ.

“ಅಪ್ಪಾ, ಜೋಬಲ್ಲಿ ಮಡಿಕ್ಕಬ್ಯಾಡ. ಕೈಗೇ ಕಟ್ಕಂಡಿರು. ಸುಮ್ನೆ ಬಿದ್ದಿದ್ರೆ ಸತ್ತೋದಂಗೆ ತೋರಿಸ್ತದೆ” ಎಂದು ಕುಮಾರ ತಾನೇ ಪಟ್ಟಿಯನ್ನು ಬಿಗಿದು ಕಟ್ಟಿದ.

“ಇದು ನಿಂದು ಅಂತ ತಾನೆ ಅವ್ರು ತಿಳ್ಕಳದು? ನನ್ ನಡಿಗೆ ನೋಡ್ಬುಟ್ಟು ಮಗ ಮುದುಕ ಆಗವ್ನೆ ಅಂದಾರು” ಎಂದು ರುದ್ರಸ್ವಾಮಿ ನಕ್ಕ. ಮಗನ ಕೈಯಿಂದ ತನ್ನ ಕೈಗೆ ಬಂದ ಆ ಪಟ್ಟಿಯನ್ನು ದಾರಿಯುದ್ದಕ್ಕೂ ಎಲ್ಲರಿಗೂ ತೋರಿಸಿದ. ಹನೂರು ದಾಟಿ ಕೌದಳ್ಳಿ ಬರುವಷ್ಟರಲ್ಲಿ ಅದು ಸರ್ಕಾರ ಕೊಟ್ಟ ಪದಕದ ಮಟ್ಟಕ್ಕೆ ಏರಿತ್ತು.

ತಾಳಬೆಟ್ಟದಿಂದ ಮೇಲಕ್ಕೆ ಕಾಲುದಾರಿ. ‘ಉಘೇ ಮಾದಪ್ಪ’ ಎಂದು ಮುಂದಿನವರು ಕೂಗಿದರೆ ಹಿಂದಿನವರು ಉಘೇ ಎನ್ನಬೇಕು. ಆನೆತಲೆದಿಂಬದ ಏರಿನಲ್ಲಿ ರುದ್ರಸ್ವಾಮಿಗೆ ಉಘೇ ಬರಲಿಲ್ಲ. ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತಂತಾಯಿತು. ಎಡಗೈ ಮರಗಟ್ಟಿತು. ಬೆವರು ಅಂಗಿಯನ್ನು ಹಿಂಡುವ ಹಾಗೆ ಇಳಿಯಿತು. ಬಂಡೆಯೊಂದಕ್ಕೆ ಒರಗಿ ಕೂತ. ಜೊತೆಗಿದ್ದ ಮಾದಣ್ಣ ನೀರು ಕೊಟ್ಟು, “ಗ್ಯಾಸು ಕಣ್ಲಾ. ಕೌದಳ್ಳಿಲಿ ಆ ಬೋಂಡ ತಿನ್ಬ್ಯಾಡ ಅಂದಿ ತಾನೆ” ಎಂದ. ರುದ್ರಸ್ವಾಮಿಯೂ ಬೋಂಡದ ಮೇಲೇ ತಪ್ಪು ಹೊರಿಸಿದ. ಬೋಂಡ ಎದುರು ಮಾತಾಡುವುದಿಲ್ಲವಲ್ಲ.

ಪಟ್ಟಿ ಮಾದಪ್ಪನ ಪಾದಕ್ಕೆ ಮುಟ್ಟಿತು. ಯಳಂದೂರಿನಲ್ಲಿ ಕುಮಾರ ಕಪ್ಪು ಗೆದ್ದ. ಅಪ್ಪ ಹಿಂತಿರುಗಿದ ಮೇಲೆ ಪಟ್ಟಿ ಮಗನ ಕೈ ಸೇರಿ, ಫೋನಿನ ಹತ್ತಿರ ಬಂದು, ಒಳಗಿದ್ದುದನ್ನೆಲ್ಲ ಕಕ್ಕಿತು.

ಮಾರನೆಯ ದಿನವೇ ಫೋನು ಬಂತು. ಕುಮಾರ ಸ್ಪೀಕರ್ ಹಾಕಿದ್ದ, ಮನೆಯವರೆಲ್ಲ ಸುತ್ತ ನಿಂತಿದ್ದರು. ಶೃತಿಯ ದನಿಯಲ್ಲಿ ಯಾವತ್ತೂ ಇಲ್ಲದ ಮೃದುತ್ವ ಇತ್ತು.

“ಕುಮಾರ್, ಹೆದರ್ಕೋಬೇಡಿ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನಿಮ್ಮ ಹಾರ್ಟ್‌ಬೀಟ್ ತುಂಬಾ ಏರುಪೇರಾಗಿದೆ. ಆವಾಗ ಏನ್ಮಾಡ್ತಿದ್ರಿ? ನಮ್ಮ ಡಾಕ್ಟರ್ ನೋಡಿದ್ರು. ಹೃದಯದ ತೊಂದರೆ ಇರಬಹುದು ಅಂತಾರೆ. ದಯವಿಟ್ಟು ಓಡಬೇಡಿ, ಭಾರ ಎತ್ತಬೇಡಿ. ಮೈಸೂರಲ್ಲಿ ಆಸ್ಪತ್ರೆಗೆ ಮಾತಾಡಿ ಬೆಡ್ ಹೇಳಿದೀವಿ. ಕಾರ್ ಕಳಿಸ್ತೀವಿ.”

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಕಳೆದ ಸೀಸನ್ನಿನ ಲೆಕ್ಕದಲ್ಲಿ ಪ್ರತಿ ಆಟದ ಕೊನೆಯ ಹತ್ತು ನಿಮಿಷ ಕುಮಾರನ ಹಿಡಿತಗಳು ಇಳಿದುಹೋಗಿದ್ದವಂತೆ. ಯಾಕೆಂದು ತಿಳಿಯದೆ ಅವಳು ಒದ್ದಾಡುತ್ತಿದ್ದಳಂತೆ. ಈಗ ತಿಳಿಯಿತು, ಎದೆ ಸೋಲುತ್ತಿತ್ತು. ಎರಡು ಲೆಕ್ಕವೂ ಒಂದಕ್ಕೊಂದು ಕೂಡಿಕೊಂಡವು ಎಂದಳು. ಕೊನೆಯಲ್ಲಿ ರೈಡರುಗಳು ಹೆದರಿ ತನ್ನ ಮೂಲೆಗೇ ಬರುತ್ತಿರಲಿಲ್ಲ ಎಂದು ಕುಮಾರ ತೊದಲಿದ. ಅದನ್ನು ಕೇಳಿಸಿಕೊಳ್ಳುವವರು ಆ ಕಡೆ ಯಾರೂ ಇರಲಿಲ್ಲ. ಸಹಿ ಸದ್ಯಕ್ಕೆ ನಿಂತಿತು.

ದೊಡ್ಡಬಸಮ್ಮ ನೆಲಕ್ಕೆ ಕುಸಿದು ಬಾಯಿ ಬಡಿದುಕೊಂಡಳು. ಕುಮಾರ ಅಪ್ಪನ ಮುಖ ನೋಡಿದ. ರುದ್ರಸ್ವಾಮಿ ಗೋಡೆ ನೋಡುತ್ತಿದ್ದ. ಮಂಗಳವಾರ ಮಧ್ಯಾಹ್ನ ಎಂದರೆ ಆನೆತಲೆದಿಂಬ. ಬೋಂಡವಲ್ಲ, ಎದೆ. ಅವನಿಗೆ ಭಯವಾಯಿತು. ಆದರೆ ಭಯಕ್ಕಿಂತ ಮೊದಲು ಬಂದದ್ದು ಸಮಾಧಾನ. ಸದ್ಯ, ಮಗನದಲ್ಲ.

“ಅಳ್ಬ್ಯಾಡ ಸುಮ್ನಿರು. ಅದು ಇವ್ನ್ ಎದೆಯಲ್ಲ, ನಂದು” ಎಂದ.

ಮನೆಯಲ್ಲಿ ಅಳು ನಿಂತಿತು. ಸ್ವಿಚ್ಚು ಒತ್ತಿದ ಹಾಗೆ ನಿಂತಿತು. ಅದನ್ನು ರುದ್ರಸ್ವಾಮಿ ಆಗ ಗಮನಿಸಲಿಲ್ಲ, ಆಮೇಲೆ ನೆನಪಾಯಿತು.

ಕುಮಾರ ಮೈಸೂರಿಗೆ ಕಾರಿನಲ್ಲಿ ಹೋಗಿ ಇಸಿಜಿ ಮಾಡಿಸಿಕೊಂಡು ಬಂದ. ಎದೆ ಕಲ್ಲಿನ ಹಾಗಿತ್ತು. ಶೃತಿ ಒಪ್ಪಲಿಲ್ಲ. ಇಸಿಜಿ ನೋಡುವುದು ಒಂದು ಗಳಿಗೆ, ಪಟ್ಟಿ ನೋಡಿದ್ದು ನಾಲ್ಕು ದಿನ. ಇಂಥ ಕಾಯಿಲೆ ಬಂದು ಹೋಗಿ ಮಾಡುತ್ತದೆ, ಆಸ್ಪತ್ರೆಯಲ್ಲಿ ಮಲಗಿಸಿ ನೋಡಲೇಬೇಕು ಎಂದಳು. ಪಟ್ಟಿ ಅಪ್ಪನ ಕೈಯಲ್ಲಿತ್ತು ಎಂದರೆ, ಎಲ್ಲ ಆಟಗಾರರೂ ಹೀಗೇ ಏನಾದರೊಂದು ಹೇಳುತ್ತಾರೆ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಕೇಳಿದ್ದೆವು. ಇಲ್ಲಿ ಎಮ್ಮೆ ನನಗಲ್ಲ ಎಂದು ಅರಚುತ್ತಿತ್ತು, ಎತ್ತು ನನಗೇ ಜ್ವರ ಎಂದು ಕೊಂಬು ಅಲ್ಲಾಡಿಸುತ್ತಿತ್ತು, ಬರೆ ಎಳೆಯುವವರಿಗೆ ಮಾತ್ರ ಲೆಕ್ಕದ ಮೇಲೆ ಅಷ್ಟು ನಂಬಿಕೆ.

ತಂಡದ ಮ್ಯಾನೇಜರ್ ಶಾಂತಮೂರ್ತಿ ಮೈಸೂರಿನವರು, ಮಾದಪ್ಪನ ಒಕ್ಕಲು. ಅಮಾವಾಸ್ಯೆಗೆ ಹೆಂಡತಿಯ ಜೊತೆ ಬೆಟ್ಟಕ್ಕೆ ಹೊರಟವರು, ಶೃತಿಯನ್ನೂ ಕರೆತರುತ್ತೇನೆ, ಕೊಳ್ಳೇಗಾಲದ ಲಾಡ್ಜಿನಲ್ಲಿ ಸಿಗಿ ಎಂದರು. ಅಪ್ಪ ಮಗ ಬೆಳಗಿನ ಬಸ್ಸು ಹತ್ತಿದರು.

ದಾರಿಯಲ್ಲಿ ಕುಮಾರ ಮೆಲ್ಲಗೆ ಹೇಳಿದ. “ಅಪ್ಪಾ, ಯಳಂದೂರ ಸುದ್ದಿ ಎತ್ಬ್ಯಾಡ. ಅದು ಗೊತ್ತಾದ್ರೂ ನನ್ ಕತೆ ಮುಗೀತು.”

“ನಂಗ್ಯಾಕ್ ಯೋಳ್ಕೊಡೀಯೆ? ನಾನೇ ಬಲವಂತ ಮಾಡಿ ತಕಂಡಿ ಅಂತೀನಿ.”

ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ರುದ್ರಸ್ವಾಮಿಯ ಮನಸ್ಸಿನಲ್ಲಿ ಇನ್ನೊಂದು ಯೋಚನೆ ಕದ್ದು ಕೂತಿತ್ತು. ಅದನ್ನು ಮಗನ ಮುಂದೆ ಆಡಲು ನಾಚಿಕೆ. ಆ ಎದೆ ತನ್ನದೇ ಎಂದು ಆ ಹುಡುಗಿಗೆ ಖಾತ್ರಿಯಾದರೆ ಮುಂದೇನು ಮಾಡಬೇಕೆಂದು ಅವಳಿಗೇ ಗೊತ್ತಿರುತ್ತದೆ. ದೊಡ್ಡ ಡಾಕ್ಟರು ಆಗಲೇ ನೋಡಿದ್ದಾರೆ. ಮೈಸೂರಿನಲ್ಲಿ ಬೆಡ್ ಹೇಳಿಯೇ ಇದೆ. ಮಗನ ಹೆಸರು ಹೊಡೆದು ಅಪ್ಪನ ಹೆಸರು ಬರೆದುಕೊಂಡರಾಯಿತು, ಅಷ್ಟೇ ತಾನೆ? ತಾನಾಗಿ ಕೇಳಬಾರದು, ಅವರೇ ಹೇಳಲಿ ಎಂದುಕೊಂಡ. ಮರ್ಯಾದಸ್ಥ. ಮರ್ಯಾದಸ್ಥರ ಕಷ್ಟವೇ ಅದು.

ಲಾಡ್ಜಿನ ಕೋಣೆಯಲ್ಲಿ ಶಾಂತಮೂರ್ತಿ ಹಣೆಗೆ ವಿಭೂತಿ ಬಳಿದು ಕೂತಿದ್ದರು. ಮಂಚದ ಮೇಲೆ ಶೃತಿಯ ಲ್ಯಾಪ್‌ಟಾಪ್ ತೆರೆದಿತ್ತು. ರುದ್ರಸ್ವಾಮಿ ಕೈಮುಗಿದು ನಿಂತೇ ಹೇಳಿದ.

“ಮಗ ಬ್ಯಾಡ ಬ್ಯಾಡ ಅಂದ ಸಾ. ನಾನೇ ಕೇಳ್ನಿಲ್ಲ. ಮಾದಪ್ಪನ ಪಾದಕ್ಕೆ ಮುಟ್ಸವ ಅಂತ ತಕಂಡೋದಿ. ಎಲ್ಲಾರ ಬಿದ್ದೋದಾತು ಅಂತ ಕೈಗೆ ಕಟ್ಕಂಡಿ. ತಪ್ಪಾಯ್ತು.”

ಶಾಂತಮೂರ್ತಿ ಕಣ್ಣು ಮುಚ್ಚಿ ತಲೆದೂಗಿದರು. “ದೇವರ ಕೆಲಸಕ್ಕೆ ತಪ್ಪು ಅನ್ನೋಕಾಗುತ್ತಾ ಯಜಮಾನ್ರೇ?” ಎಂದರು. ಭಕ್ತಿ ಎಂದರೆ ಹಾಗೆ. ಅರ್ಧ ಸುಳ್ಳನ್ನೂ ಪೂರ್ತಿ ನುಂಗಿಸುತ್ತದೆ.

ಶೃತಿ ಮಾತ್ರ ನುಂಗಲಿಲ್ಲ. ಅವಳು ಕೆಟ್ಟವಳಲ್ಲ. ನಾಳೆ ಅಂಕಣದಲ್ಲಿ ಹುಡುಗ ಕುಸಿದರೆ ತನ್ನ ತಲೆಗೆ ಬರುತ್ತದೆ ಎಂಬ ಹೆದರಿಕೆ ಅವಳದು. “ಅಂಕಲ್, ಮಾತಿಂದ ಆಗಲ್ಲ. ಪಟ್ಟಿ ಕಟ್ಕೊಂಡು ನನ್ನ ಮುಂದೆ ಒಂದ್ಸಲ ಹತ್ತಿ ತೋರಿಸ್ತೀರಾ? ಅದೇ ಥರ ಗ್ರಾಫ್ ಬಂದ್ರೆ ಒಪ್ಕೋತೀನಿ” ಎಂದಳು.

ಹತ್ತಲು ಕೊಳ್ಳೇಗಾಲದಲ್ಲಿ ಮರಡಿಗುಡ್ಡವಿದೆ. ಬಿಸಿಲು ಏರಿತ್ತು. ಶೃತಿ ಪಟ್ಟಿ ಕಟ್ಟಿದಳು, ಅದನ್ನು ತನ್ನ ಫೋನಿಗೆ ಜೋಡಿಸಿಕೊಂಡಳು. ಶಾಂತಮೂರ್ತಿ ಕಾರಿನ ನೆರಳಲ್ಲಿ ನಿಂತು ಎಳನೀರು ಕುಡಿಯುತ್ತಿದ್ದರು. ಕುಮಾರ ಅಪ್ಪನ ಜೊತೆ ಹೊರಟಾಗ ಶೃತಿ ತಡೆದಳು. “ನೀವು ಬೇಡ. ನೀವು ಹತ್ತಿದ್ರೆ ಅವರು ಮಾತಾಡ್ಕೊಂಡು ನಿಧಾನಕ್ಕೆ ಹತ್ತುತಾರೆ. ಸ್ವಲ್ಪ ಜೋರಾಗಿ ಹತ್ತಿ ಅಂಕಲ್.”

ರುದ್ರಸ್ವಾಮಿ ಜೋರಾಗಿಯೇ ಹತ್ತಿದ. ಹೊಲ ಗೆದ್ದವನು ಗುಡ್ಡಕ್ಕೆ ಸೋಲುತ್ತಾನೆಯೇ ಎಂಬ ಜಂಭ ಮೊದಲ ಮೆಟ್ಟಿಲುಗಳಿಗೆ ಸಾಕಾಯಿತು. ಅರ್ಧಕ್ಕೆ ಆ ಮೊಣಕಾಲು ಮತ್ತೆ ಎದೆಯ ಮೇಲೆ ಬಂದು ಕೂತಿತು. ಎಡಗೈ ಮರಗಟ್ಟಿತು. ನಿಂತ. ಕೆಳಗೆ ನೋಡಿದ. ಮಗ ಎರಡೂ ಕೈ ಮೇಲೆತ್ತಿ ‘ಹತ್ತು, ಹತ್ತು’ ಎಂದು ಸನ್ನೆ ಮಾಡುತ್ತಿದ್ದ, ತಂಡದವರು ರೈಡರಿಗೆ ಹುರುಪು ತುಂಬುವ ಹಾಗೆ. ನೋವು ಪೂರ್ತಿ ಬರದಿದ್ದರೆ ಮಗ ಕೆಡುತ್ತಾನೆ ಎಂಬುದು ರುದ್ರಸ್ವಾಮಿಗೆ ಆ ಬಿಸಿಲಲ್ಲೂ ಸ್ಪಷ್ಟವಾಗಿತ್ತು. ಬಾ ಎಂದು ನೋವನ್ನು ಕರೆದ. ಹುಟ್ಟಿದಾಗಿನಿಂದ ಮಾದಪ್ಪನನ್ನು ಏನೇನೋ ಕೇಳಿದ್ದವನು ಅವತ್ತು ನನ್ನ ಎದೆ ಕೆಡಿಸಪ್ಪ ಎಂದು ಕೇಳಿದ. ದೇವರು ಇದೊಂದನ್ನು ತಡಮಾಡದೆ ಕೊಟ್ಟ.

ಕೆಳಗೆ ಇಳಿದು ಬಂದಾಗ ಅಂಗಿ ಒದ್ದೆಮುದ್ದೆ, ತುಟಿ ಬೂದಿಯ ಬಣ್ಣ. ಶೃತಿ ಅವನ ಮುಖ ನೋಡಲಿಲ್ಲ, ಫೋನು ನೋಡುತ್ತಿದ್ದಳು.

“ಸೇಮ್! ಸರ್, ಸೇಮ್ ಟು ಸೇಮ್!” ಎಂದು ಅವಳು ಕುಣಿದೇಬಿಟ್ಟಳು. “ಆ ಮಂಗಳವಾರದ್ದು, ಇದು, ಒಂದೇ! ಕುಮಾರ್, ಇದು ನಿಮ್ಮದಲ್ಲ!”

ಶಾಂತಮೂರ್ತಿ ಕುಮಾರನನ್ನು ತಬ್ಬಿಕೊಂಡರು. ಅವರ ಹೆಂಡತಿ ಕಾರಿನೊಳಗಿಂದಲೇ ಕೈಮುಗಿದರು. ಕುಮಾರ ಅತ್ತುಬಿಟ್ಟ. ಅಪ್ಪನ ಕಾಲಿಗೆ ಬಿದ್ದ. ಹಿಡಿದ ಕಾಲನ್ನು ಅವನು ಅಷ್ಟು ಬೇಗ ಬಿಟ್ಟದ್ದು ಅದೇ ಮೊದಲು, ಯಾಕೆಂದರೆ ಮ್ಯಾನೇಜರ್ ಸಾಹೇಬರು ಭುಜ ತಟ್ಟಿ ಕರೆಯುತ್ತಿದ್ದರು.

ರುದ್ರಸ್ವಾಮಿ ಮೆಟ್ಟಿಲ ಮೇಲೆ ಕೂತು ಕಾದ. ಈಗ ಹೇಳುತ್ತಾರೆ ಎಂದು ಕಾದ.

ಶಾಂತಮೂರ್ತಿ ಫೋನು ಮಾಡಿದರು. “ಹಾಂ ಡಾಕ್ಟ್ರೇ, ನಮ್ಮ ಹುಡುಗನದು ಕ್ಲಿಯರ್ ಆಯ್ತು. ಇಲ್ಲ ಇಲ್ಲ, ಬೇರೆಯವರದು ಸೇರ್ಕೊಂಡಿತ್ತು. ಆ ಬೆಡ್ ಕ್ಯಾನ್ಸಲ್ ಮಾಡಿಸಿಬಿಡಿ.”

ಬೇರೆಯವರು. ರುದ್ರಸ್ವಾಮಿ ಆ ಮಾತನ್ನು ಬಾಯೊಳಗೇ ಒಮ್ಮೆ ಆಡಿ ನೋಡಿದ.

ಶೃತಿ ಲ್ಯಾಪ್‌ಟಾಪನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಏನೋ ಒತ್ತುತ್ತಿದ್ದಳು. “ಆ ನಾಲ್ಕು ದಿನದ್ದು, ಇವತ್ತಿನದು, ಎರಡೂ ಡಿಲೀಟ್ ಮಾಡ್ತಿದೀನಿ ಸರ್. ಇಲ್ಲಾಂದ್ರೆ ಕುಮಾರ್ ಆವರೇಜ್ ಕೆಡುತ್ತೆ” ಎಂದಳು. ಮತ್ತೆ ಹೇಳಿದಳು, ಕೊನೆಯ ಹತ್ತು ನಿಮಿಷದ ಲೆಕ್ಕವೂ ಈಗ ಸರಿಹೋಯಿತು, ಎದುರಾಳಿಗಳು ಹೆದರಿ ಆ ಮೂಲೆ ಬಿಡುತ್ತಿದ್ದರು ಅನ್ನಿಸುತ್ತೆ ಎಂದು. ಹೊಸದಾಗಿ ಕಂಡುಹಿಡಿದವಳ ಹಾಗೆ ಹೇಳಿದಳು. ಕುಮಾರ ಹೌದು ಮೇಡಂ ಎಂದ.

ಕಾದು ಸಾಕಾಗಿ ರುದ್ರಸ್ವಾಮಿ ಮರ್ಯಾದೆಯನ್ನು ಬದಿಗಿಟ್ಟ. “ಅವ್ವಾ, ಅದು ನಂದು ಅಂತ ಆಯ್ತಲ್ಲ. ಅಂಗಾರೆ... ಅವತ್ತು ಫೋನಲ್ಲಿ ಏನೋ ತೊಂದ್ರೆ ಅಂದ್ರಲ್ಲ, ಅದು?”

ಶೃತಿಯ ಬೆರಳು ನಿಂತಿತು. ಒಂದು ಗಳಿಗೆ ಅವಳು ಅವನ ಮುಖವನ್ನು ನಿಜವಾಗಿ ನೋಡಿದಳು. ಏನೋ ಹೇಳಲು ಹೊರಟವಳು ಶಾಂತಮೂರ್ತಿಯವರತ್ತ ತಿರುಗಿದಳು. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

“ಅಂಕಲ್, ನಮ್ಮ ಸಿಸ್ಟಮ್ ಇರೋದು ಆಟಗಾರರಿಗೆ. ನಿಮ್ಮ ವಯಸ್ಸಿನವರಿಗೆ ಇದೇ ಸರಿ, ಇದೇ ತಪ್ಪು ಅಂತ ಅದರಿಂದ ಹೇಳಕ್ಕಾಗಲ್ಲ. ಯಾವಾಗಾದ್ರೂ ಒಂದ್ಸಲ ಇಲ್ಲೇ ಯಾರಿಗಾದ್ರೂ ತೋರಿಸ್ಕೊಳ್ಳಿ” ಎಂದಳು.

“ಅಪ್ಪಂಗೆ ಗ್ಯಾಸು ಮೇಡಂ. ಬೋಂಡ ಕಂಡ್ರೆ ಬುಡದಿಲ್ಲ” ಎಂದು ಕುಮಾರ ನಗಿಸಿದ. ಎಲ್ಲರೂ ನಕ್ಕರು. ರುದ್ರಸ್ವಾಮಿಗೂ ನಗಬೇಕಾಯಿತು. ಅದೇ ಎದೆ ಮಗನದಾಗಿದ್ದಾಗ ಬಸ್ಸಿಗೂ ಓಡಬೇಡ ಎಂದಿದ್ದರು, ಕಾರು ಕಳಿಸಿದ್ದರು, ಹಾಸಿಗೆ ಹಾಸಿಟ್ಟಿದ್ದರು. ತನ್ನದೆಂದು ಗೊತ್ತಾದ ಕೂಡಲೇ ಅದು ಬೋಂಡವಾಯಿತು. ಎಮ್ಮೆಗೆ ಬರೆ ತಪ್ಪಿತು, ಸಂತೋಷ. ಎತ್ತಿನ ಜ್ವರ ಯಾರಿಗೂ ಬೇಡವಾಗಿತ್ತು. ಅವನಿಗೆ ಸಿಟ್ಟು ಬಂತು. ಹುಡುಗಿಯ ಮೇಲಲ್ಲ, ಅವಳು ಯಾರು, ಎಲ್ಲಿಯವಳು. ನಗಿಸಿದವನ ಮೇಲೆ ಬಂತು. ಬಂದ ಸಿಟ್ಟನ್ನು, ಮಗ ಗೆದ್ದ ದಿನ ಎಂದು ನುಂಗಿಕೊಂಡ.

ಶಾಂತಮೂರ್ತಿ ಕುಮಾರನನ್ನು ಬೆಟ್ಟಕ್ಕೆ ಕರೆದರು. ದೇವರ ಮುಂದೆಯೇ ಸಹಿ ಆಗಿಬಿಡಲಿ ಎಂದರು. ಕಾರಿನಲ್ಲಿ ಒಂದೇ ಜಾಗವಿತ್ತು. ಮಿಕ್ಕದ್ದರಲ್ಲಿ ಹೂವಿನ ಬುಟ್ಟಿ, ಹಣ್ಣಿನ ಬುಟ್ಟಿ.

“ಅಪ್ಪಾ, ನೀನು ಬಸ್ಸಿಗೆ ಓಗ್ತಿರು. ನಾನು ನಾಳೀಕೆ ಬತ್ತೀನಿ. ಅವ್ವಂಗೆ ಯೋಳು” ಎಂದು ಕುಮಾರ ಕಾರಿನ ಕಿಟಕಿಯಿಂದ ಕೈ ಬೀಸಿದ. ಆ ಕೈಯಲ್ಲಿ ಪಟ್ಟಿ ಮತ್ತೆ ಕಟ್ಟಿತ್ತು.

ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ರುದ್ರಸ್ವಾಮಿ ಮೂರು ಕಡೆ ಕೂತು ಸುಧಾರಿಸಿಕೊಂಡ. ಕೊಳ್ಳೇಗಾಲದಲ್ಲಿ ಡಾಕ್ಟರುಗಳಿಲ್ಲದೆ ಏನಿಲ್ಲ. ದಾರಿಯಲ್ಲೇ ಬೋರ್ಡುಗಳಿದ್ದವು. ಒಂದರ ಮುಂದೆ ನಿಂತೂ ನಿಂತ. ಒಳಗೆ ಹೋದರೆ ಮಗ ಎಲ್ಲಿ, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳುತ್ತಾರೆ. ಏನು ಹೇಳುವುದು? ಬೆಟ್ಟಕ್ಕೆ ಹೋದ ಎನ್ನುವುದೇ? ಕಾಲು ತಾನಾಗಿ ಬಸ್ಸಿನ ಕಡೆ ತಿರುಗಿತು. ಹಠವೋ ನಾಚಿಕೆಯೋ, ಅವನಿಗೇ ಗೊತ್ತಿಲ್ಲ.

ಹನೂರಿನ ದಾರಿಯಲ್ಲಿ ಬಿಳಿ ಕಾರೊಂದು ಹಾರನ್ ಹೊಡೆಯುತ್ತ ಬಸ್ಸನ್ನು ದಾಟಿ ಹೋಯಿತು. ಎಳನೀರಿಗೋ ಊಟಕ್ಕೋ ಎಲ್ಲೋ ನಿಂತಿದ್ದವರು ಈಗ ಹೊರಟಿರಬೇಕು. ಹಿಂದಿನ ಗಾಜಿನಲ್ಲಿ ಹೂವಿನ ಬುಟ್ಟಿ ಕಂಡಿತು.

ದೊಡ್ಡಬಸಮ್ಮ ಬಾಗಿಲಲ್ಲೇ ಕಾದಿದ್ದಳು. ಮಗ ಫೋನು ಮಾಡಿಬಿಟ್ಟಿದ್ದ. ಆಕೆಯ ಮುಖ ಹಬ್ಬದ ಮನೆಯ ಹಾಗಿತ್ತು.

“ಬುಡು, ನಮ್ ಮಾದಪ್ಪ ಕಣ್ಬುಟ್ಟ. ನಾ ಯೋಳ್ನಿಲ್ವಾ, ಪಾದಕ್ಕೆ ಮುಟ್ಸಿದ್ದು ಸುಮ್ನಾದದಾ?” ಎಂದವಳು, ಗಂಡ ಜಗಲಿಯ ಕಂಬ ಹಿಡಿದು ಕೂರುವುದನ್ನು ನೋಡಿ ತಡೆದಳು. “ಅದ್ಸರಿ, ಆ ಕಾಯ್ಲೆ? ಅವತ್ತು ನಂದು ಅಂದಿದ್ಯಲ್ಲ, ಕೊನ್ಗೆ ಅದು ಯಾರ್ಗಂತೆ?”

ಆ ಮಾತು ಕೇಳಿದವಳು ಇವಳೊಬ್ಬಳೇ. ರುದ್ರಸ್ವಾಮಿ ಬಾಯಿ ತೆರೆದ. ಆಕೆಯ ಕೈಯಲ್ಲಿ ದೀಪದ ಎಣ್ಣೆಯ ಬಟ್ಟಲಿತ್ತು. ಅಷ್ಟು ದಿನದ ಮೇಲೆ ಆ ಮುಖ ನಕ್ಕಿತ್ತು.

“ಯಾರ್ಗೂ ಇಲ್ವಂತೆ” ಎಂದ. “ಕಂಪ್ಯೂಟರ್‌ನಿಂದ ಅಳಿಸ್ಬುಟ್ರು.”

“ಅಷ್ಟಾಯ್ತಲ್ಲ, ಶಿವ” ಎಂದು ಆಕೆ ದೀಪ ಹಚ್ಚಲು ಒಳಗೆ ಹೋದಳು. ಒಳಗಿನಿಂದಲೇ ಊಟಕ್ಕೆ ಕೂಗಿದಳು. ಬತ್ತೀನಿ ನಡಿ ಎಂದ ರುದ್ರಸ್ವಾಮಿ, ಜಗಲಿಯಿಂದ ಬಾಗಿಲಿಗಿದ್ದ ಮೂರು ಮೆಟ್ಟಿಲುಗಳನ್ನು ನೋಡುತ್ತ ಕೂತೇ ಇದ್ದ.